ತೊಡೆಸಂದಿಯ ಕೆಂಪು ಕಲೆ ಹೋಗುತ್ತಲೇ ಇಲ್ಲ, ಗುಪ್ತಾಂಗಕ್ಕೂ ಬಂದಿದೆ. ಇದು ಸೋರಿಯಾಸಿಸ್ ಇರಬಹುದಾ?

ನಿಟ್ಟುವಳ್ಳಿಯವನು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇದನ್ನು ಯಾರ ಹತ್ತಿರ ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಮುಜುಗರದ್ದು. ಆದರೆ ಬಿಚ್ಚಿ ಹೇಳದಿದ್ದರೆ ನಿಮಗೂ ಅರ್ಥ ಆಗುವುದಿಲ್ಲ.

ನನಗೆ 34 ವರ್ಷ. ಮಂಡಿಪೇಟೆಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ದಿನವಿಡೀ ಕೂತೇ ಇರುತ್ತೇನೆ. ವಸೂಲಿಗೆ ಆಗಾಗ ಬೈಕಿನಲ್ಲಿ ಹರಿಹರ, ಮಲೇಬೆನ್ನೂರು ಕಡೆ ಹೋಗುತ್ತೇನೆ. ಹೋದ ಬೇಸಿಗೆಯಲ್ಲಿ ಎರಡೂ ತೊಡೆಸಂದಿ ಕೆಂಪಗಾಯಿತು. ನಮ್ಮೂರಿನ ಸೆಕೆಗೆ ಬೆವರಿ ಹೀಗಾಗಿರಬೇಕು ಅಂದುಕೊಂಡೆ. ಆಮೇಲೆ ವೃಷಣದ ಚೀಲದ ಮೇಲೆ ಬಂತು. ಈಗ ಶಿಶ್ನದ ತುದಿಯಲ್ಲೂ ಒಂದು ಕಲೆ ಇದೆ. ಹುಣ್ಣಲ್ಲ, ಕೀವಿಲ್ಲ. ನಯವಾಗಿ ಮಿಂಚುವ ಕೆಂಪು. ಕಲೆ ಎಲ್ಲಿಂದ ಶುರು, ಎಲ್ಲಿಗೆ ಮುಗಿಯುತ್ತದೆ ಅಂತ ಬೆರಳಿಟ್ಟು ತೋರಿಸಬಹುದು, ಅಂಚು ಅಷ್ಟು ಸ್ಪಷ್ಟ. ತುರಿಕೆ ಇದೆ, ಬೆವರಿದರೆ ಉರಿ. ಕೆಲವೊಮ್ಮೆ ಸಂದಿಯ ಚರ್ಮ ಸೀಳು ಬಿಡುತ್ತದೆ. ಆಗ ಬೈಕ್ ಹತ್ತುವುದೂ ಕಷ್ಟ.

ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಮೂರ್ನಾಲ್ಕು ದಿನಕ್ಕೇ ಮಾಯ. ನಿಲ್ಲಿಸಿದರೆ ವಾರದೊಳಗೆ ಮತ್ತೆ ಹಾಜರ್, ಮೊದಲಿಗಿಂತ ಜಾಸ್ತಿ. ಇದೇ ನಡೆಯುತ್ತಿದೆ.

ನಮ್ಮಪ್ಪನಿಗೆ ಮೊಣಕೈ, ಮೊಣಕಾಲಿನಲ್ಲಿ ಸೋರಿಯಾಸಿಸ್ ಇತ್ತು. ಅವರು ಮಲಗಿ ಎದ್ದರೆ ಹಾಸಿಗೆ ತುಂಬ ಬಿಳಿ ಹೊಟ್ಟು. ನನಗೆ ಕೆಳಗೆ ಹೊಟ್ಟೇ ಇಲ್ಲ. ತಲೆಯಲ್ಲಿ ಮಾತ್ರ ಮೊದಲಿನಿಂದಲೂ ಇದೆ, ಯಾವ ಶಾಂಪೂಗೂ ಹೋಗಿಲ್ಲ. ಹಾಗಾಗಿ ಗೊಂದಲ.

ಇದಕ್ಕಿಂತ ದೊಡ್ಡ ಕಷ್ಟ ಮನೆಯಲ್ಲಿ. ಹೆಂಡತಿ ಬಾಯಿಬಿಟ್ಟು ಏನೂ ಕೇಳಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಏನು ಓಡುತ್ತಿದೆ ಅಂತ ನನಗೆ ಗೊತ್ತಾಗುತ್ತದೆ. ನಾನು ಎಲ್ಲೂ ಹೋದವನಲ್ಲ. ಅದನ್ನು ಹೇಗೆ ಹೇಳುವುದು, ಹೇಳಿದರೂ ನಂಬುತ್ತಾಳಾ? ಚರ್ಮದ ಡಾಕ್ಟರ್ ಹತ್ತಿರ ಹೋಗೋಣ ಅಂದರೆ ಬೋರ್ಡಿನಲ್ಲಿ ‘ಚರ್ಮ, ಕುಷ್ಠ ಮತ್ತು ಗುಹ್ಯರೋಗ ತಜ್ಞರು’ ಅಂತ ಇರುತ್ತದೆ. ಗುರುತಿನವರು ಯಾರಾದರೂ ಕಂಡರೆ ಅನ್ನುವ ಭಯಕ್ಕೆ ಕ್ಲಿನಿಕ್ ಮುಂದೆ ಗಾಡಿ ನಿಲ್ಲಿಸಿ ವಾಪಸ್ ಬಂದಿದ್ದೇನೆ.

ಇದು ಏನು? ಹೆಂಡತಿಗೆ ಅಂಟುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ತುಂಗಭದ್ರಾ ತೀರ, ಹರಿಹರ

ಅಣ್ಣಾ, ಇದು ಹುಳುಕಡ್ಡಿ. ನಮ್ಮ ರೂಮಿನಲ್ಲಿ ನಾಲ್ಕು ಜನರಿಗೂ ಆಗಿತ್ತು. ಫಂಗಸ್‌ಗೆ ಬರುವ ಮಾತ್ರೆ ತಗೊಳ್ಳಿ, ಅದೇ ಟ್ಯೂಬನ್ನು ನಿಲ್ಲಿಸದೆ ಎರಡು ತಿಂಗಳು ಹಚ್ಚಿ. ಡಾಕ್ಟರಿಗೆ ಸುಮ್ನೆ ದುಡ್ಡು ಯಾಕೆ?

ದುರ್ಗದ ಚರ್ಮ ವೈದ್ಯೆ

ಮೊದಲು ಹರಿಹರದವರಿಗೆ ಒಂದು ಮಾತು. ನೀವು ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ. ಆದರೆ ದಯವಿಟ್ಟು ‘ಅದೇ ಟ್ಯೂಬ್ ಎರಡು ತಿಂಗಳು’ ಅಂತ ಯಾರಿಗೂ ಹೇಳಬೇಡಿ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ನಾನು ಚಿತ್ರದುರ್ಗದಲ್ಲಿ ಚರ್ಮದ ಡಾಕ್ಟರ್. ದಾವಣಗೆರೆಯಿಂದಲೂ ನನ್ನ ಹತ್ತಿರ ಜನ ಬರುತ್ತಾರೆ. ಅವರಲ್ಲಿ ಕೆಲವರು ಅರವತ್ತು ಕಿಲೋಮೀಟರ್ ಬರುವುದು ನಾನು ಚೆನ್ನಾಗಿ ನೋಡುತ್ತೇನೆ ಅಂತ ಅಲ್ಲ, ಇಲ್ಲಿ ಗುರುತಿನವರು ಸಿಗುವುದಿಲ್ಲ ಅಂತ. ದುರ್ಗದವರು ಅದೇ ಕಾರಣಕ್ಕೆ ದಾವಣಗೆರೆಗೆ ಹೋಗುತ್ತಾರೆ. ನಿಮ್ಮ ಹಾಗೆ ಬಾಗಿಲವರೆಗೆ ಬಂದು ತಿರುಗಿ ಹೋದವರು ಎಷ್ಟೋ ಜನ ಇದ್ದಾರೆ, ನಿಮ್ಮೊಬ್ಬರ ಕಥೆ ಅಲ್ಲ ಇದು.

ಕಣ್ಣಿನಿಂದ ನೋಡದೆ ಇದೇ ರೋಗ ಅಂತ ಹೇಳಲು ಬರುವುದಿಲ್ಲ. ಆದರೆ ನೀವು ಬರೆದದ್ದು ಸೋರಿಯಾಸಿಸ್‌ಗೆ ಚೆನ್ನಾಗಿ ಹೊಂದುತ್ತದೆ. ಸೋರಿಯಾಸಿಸ್ ಇರುವವರಲ್ಲಿ ಶೇಕಡ 63ರವರೆಗೂ ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಜನನಾಂಗದ ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಬೇರೆಲ್ಲೂ ಇಲ್ಲದೆ ಅಲ್ಲಿ ಮಾತ್ರ ಬರುವುದು ಕಡಿಮೆ, ನೂರಕ್ಕೆ ಎರಡರಿಂದ ಐದು ಜನ. ಇಷ್ಟು ಸಾಮಾನ್ಯವಾದದ್ದು ಯಾಕೆ ಗೊತ್ತೇ ಆಗುವುದಿಲ್ಲ ಅಂದರೆ, ರೋಗಿ ಹೇಳುವುದಿಲ್ಲ, ಎಷ್ಟೋ ಸಲ ಡಾಕ್ಟರೂ ಕೇಳುವುದಿಲ್ಲ. ಮೊಣಕೈ ತೋರಿಸಿ ಮುಲಾಮು ಬರೆಸಿಕೊಂಡು ಹೋಗುತ್ತಾರೆ. ಕೆಳಗಿನದ್ದು ಹಾಗೇ ಉಳಿಯುತ್ತದೆ.

ನಿಮ್ಮ ತಂದೆಯವರ ಹಾಗೆ ಹೊಟ್ಟು ಯಾಕಿಲ್ಲ ಅಂದಿರಲ್ಲ. ಸಂದಿಗಳಲ್ಲಿ ಯಾವಾಗಲೂ ತೇವ ಇರುತ್ತದೆ. ಚರ್ಮಕ್ಕೆ ಚರ್ಮ ಉಜ್ಜುತ್ತದೆ. ಹಾಗಾಗಿ ಹೊಟ್ಟು ಕಟ್ಟಲು ಅವಕಾಶವೇ ಇಲ್ಲ. ಉಳಿಯುವುದು ನೀವು ಹೇಳಿದ ಆ ನಯವಾದ, ಹೊಳೆಯುವ ಕೆಂಪು. ಮುಂದೊಗಲು ಇರುವ ಗಂಡಸರಲ್ಲಿ ಶಿಶ್ನದ ತುದಿಯ ಮೇಲೂ ಹೀಗೇ. ಸುನ್ನತಿ ಆದವರಲ್ಲಿ ಆ ಜಾಗ ಒಣಗಿರುವುದರಿಂದ ಸ್ವಲ್ಪ ಹೊಟ್ಟು ಕಾಣಬಹುದು.

ಹುಳುಕಡ್ಡಿ ಬೇರೆ ರೀತಿ ನಡೆದುಕೊಳ್ಳುತ್ತದೆ. ಅಂಚು ಉಬ್ಬಿ, ಅಲ್ಲೇ ಸಣ್ಣ ಗುಳ್ಳೆ, ಸಿಪ್ಪೆ ಇರುತ್ತವೆ. ನಡುವಿನ ಚರ್ಮ ತಿಳಿಯಾಗುತ್ತಾ ಉಂಗುರದ ಆಕಾರದಲ್ಲಿ ಹರಡುತ್ತದೆ. ತೊಡೆಯ ಕಡೆಗೆ ಇಳಿಯುತ್ತದೆ, ವೃಷಣ, ಶಿಶ್ನವನ್ನು ಸಾಮಾನ್ಯವಾಗಿ ಬಿಡುತ್ತದೆ. ಇತ್ತೀಚಿನ ಮೊಂಡು ಫಂಗಸ್ ಅಲ್ಲಿಗೂ ಹೋಗುವುದನ್ನು ನೋಡುತ್ತಿದ್ದೇವೆ, ಹಾಗಾಗಿ ಇದೊಂದನ್ನೇ ನಂಬುವಂತಿಲ್ಲ. ಒಂದೇ ರೂಮಿನ ನಾಲ್ಕು ಜನರಿಗೂ ಬಂದರೆ ಅದು ಫಂಗಸ್ ಅಥವಾ ಕಜ್ಜಿಯ ಲಕ್ಷಣ. ಸೋರಿಯಾಸಿಸ್ ಹಾಗೆ ಒಬ್ಬರಿಂದ ಒಬ್ಬರಿಗೆ ಹೋಗುವುದಿಲ್ಲ.

ನನ್ನ ಹತ್ತಿರ ಇಂಥವರು ಬಂದರೆ ನಾನು ಕೆಳಗಿನಿಂದ ನೋಡಲು ಶುರು ಮಾಡುವುದಿಲ್ಲ. ತಲೆಯಿಂದ ಶುರು. ಕೂದಲಿನ ಅಂಚು, ಕಿವಿಯ ಹಿಂದೆ, ಕಿವಿಯೊಳಗೆ, ಮೊಣಕೈ, ಹೊಕ್ಕಳು, ಕುಂಡೆಯ ಸಂದಿ. ಆಮೇಲೆ ಉಗುರು. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುಳಿ, ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ತುದಿಯಿಂದ ಉಗುರು ಎದ್ದಿರುವುದು, ಇವುಗಳಲ್ಲಿ ಒಂದು ಸಿಕ್ಕರೂ ಅರ್ಧ ಉತ್ತರ ಸಿಕ್ಕಿದ ಹಾಗೆ. ಯಾವ ಷಾಂಪೂಗೂ ಹೋಗದ ನಿಮ್ಮ ತಲೆಹೊಟ್ಟು, ನಿಮ್ಮ ತಂದೆಯವರ ಸೋರಿಯಾಸಿಸ್, ಎರಡನ್ನೂ ಡಾಕ್ಟರಿಗೆ ಹೇಳಿ. ಬೆಳಿಗ್ಗೆ ಎದ್ದಾಗ ಬೆರಳು, ಹಿಮ್ಮಡಿ, ಸೊಂಟ ಹಿಡಿದುಕೊಂಡಿರುತ್ತದಾ ಅಂತಲೂ ನೋಡಿಕೊಳ್ಳಿ. ಕೀಲಿಗೆ ಬಂದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ಸಂಶಯ ಇದ್ದರೆ ಕಲೆಯ ಅಂಚನ್ನು ಮೆಲ್ಲಗೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಫಂಗಸ್ ಇದ್ದರೆ ಎಳೆಗಳು ಕಾಣುತ್ತವೆ. ನೋವಿಲ್ಲ, ಜಾಸ್ತಿ ಖರ್ಚಿಲ್ಲ. ವುಡ್ಸ್ ಲ್ಯಾಂಪ್ ಅಂತ ಒಂದು ದೀಪ ಇದೆ. ಎರಿತ್ರಾಸ್ಮ ಅನ್ನುವ ಬ್ಯಾಕ್ಟೀರಿಯಾ ಸೋಂಕಿದ್ದರೆ ಅದರ ಬೆಳಕಿನಲ್ಲಿ ಹವಳದ ಕೆಂಪು ಕಾಣುತ್ತದೆ. ಡಾಕ್ಟರು ರಕ್ತದಲ್ಲಿ ವಿಡಿಆರ್‌ಎಲ್ (ಸಿಫಿಲಿಸ್ ಅನ್ನುವ ಗುಹ್ಯರೋಗದ ಪರೀಕ್ಷೆ), ಎಚ್‌ಐವಿ ಪರೀಕ್ಷೆ ಬರೆದರೆ ನಿಮ್ಮ ಮೇಲೆ ಅನುಮಾನ ಅಂತ ತಿಳಿಯಬೇಡಿ. ಸಿಫಿಲಿಸ್ ಕೆಲವೊಮ್ಮೆ ಸೋರಿಯಾಸಿಸ್ ವೇಷದಲ್ಲೇ ಬರುತ್ತದೆ. ಅದಕ್ಕೆ ಎಲ್ಲರಿಗೂ ಬರೆಯುತ್ತೇವೆ. ಬಯಾಪ್ಸಿ ಬೇಕಾಗುವುದು ಅಪರೂಪ.

ಇನ್ನು ಆ ಟ್ಯೂಬ್. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲೇ. ಆ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿ. ಮೂರೋ ನಾಲ್ಕೋ ಔಷಧಿ ಒಟ್ಟಿಗೆ ಇರುತ್ತವೆ. ಒಂದು ಫಂಗಸ್‌ಗೆ, ಒಂದು ಬ್ಯಾಕ್ಟೀರಿಯಾಕ್ಕೆ, ಜೊತೆಗೆ ಕ್ಲೋಬೆಟಾಸಾಲ್ ಇದ್ದರೆ ಅದು ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತಿ ಬಲವಾದದ್ದು. ಮೂರು ದಿನದಲ್ಲಿ ಕೆಂಪು ಹೋಗುವುದು ಅದರಿಂದ. ರೋಗ ಹೋಗಿರುವುದಿಲ್ಲ, ಬೂದಿ ಮುಚ್ಚಿದ ಕೆಂಡ ಅಷ್ಟೇ. ಫಂಗಸ್ ಆಗಿದ್ದರೆ ಒಳಗೊಳಗೇ ಹರಡಿ ಗುರುತೇ ಸಿಗದ ಹಾಗೆ ಆಗುತ್ತದೆ. ಸೋರಿಯಾಸಿಸ್ ಆಗಿದ್ದರೆ ನಿಲ್ಲಿಸಿದ ಕೂಡಲೇ ಉಲ್ಟಾ ಹೊಡೆಯುತ್ತದೆ.

ಅಂಗೈ ಚರ್ಮ ಬೇರೆ, ಆ ಭಾಗದ ಚರ್ಮ ಬೇರೆ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಅನ್ನುವವರು ಮೈಯ ಬೇರೆ ಬೇರೆ ಜಾಗಕ್ಕೆ ಹೈಡ್ರೋಕಾರ್ಟಿಸೋನ್ ಹಚ್ಚಿ ಎಷ್ಟು ಒಳಗೆ ಹೋಗುತ್ತದೆ ಅಂತ ಅಳೆದರು. ಮುಂಗೈಗಿಂತ ವೃಷಣದ ಚರ್ಮ 42 ಪಟ್ಟು ಜಾಸ್ತಿ ಹೀರಿಕೊಂಡಿತ್ತು. ಅಂಥ ಜಾಗಕ್ಕೆ ತಿಂಗಳುಗಟ್ಟಲೆ ಬಲವಾದ ಸ್ಟಿರಾಯ್ಡ್ ಹಚ್ಚಿದರೆ ಚರ್ಮ ಕಾಗದಕ್ಕಿಂತ ತೆಳ್ಳಗಾಗುತ್ತದೆ, ರಕ್ತನಾಳ ಎದ್ದು ಕಾಣುತ್ತವೆ, ತೊಡೆಸಂದಿಯಲ್ಲಿ ಅಗಲವಾದ ಬರೆಗಳು ಬೀಳುತ್ತವೆ. ಆ ಬರೆ ಮತ್ತೆ ಹೋಗುವುದಿಲ್ಲ. ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನ ಹುಡುಗರ ತೊಡೆಯಲ್ಲಿ ನಾನು ಅವುಗಳನ್ನು ನೋಡುತ್ತಲೇ ಇದ್ದೇನೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಹಚ್ಚುವ ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೂ ಕೈಗೆ ಸಿಗುತ್ತಿವೆ.

ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಸೋರಿಯಾಸಿಸ್ ಆದರೆ ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಸೇರಿದರೂ ಇಲ್ಲ, ಒಂದೇ ಟವೆಲ್ ಬಳಸಿದರೂ ಇಲ್ಲ. ಇದು ಸೋಂಕಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರು. ಸಾಮಾನ್ಯವಾಗಿ ಹೊಸ ಚರ್ಮ ಮೇಲೆ ಬರಲು ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಕೆಲವೇ ದಿನದಲ್ಲಿ ಬಂದುಬಿಡುತ್ತದೆ. ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಜಾಸ್ತಿ. ಉಜ್ಜುವಿಕೆ, ಬಿಗಿ ಜೀನ್ಸ್, ಬೆವರು ಕೆರಳಿಸುತ್ತವೆ. ಪೆಟ್ಟಾದ ಜಾಗದಲ್ಲೇ ಹೊಸದಾಗಿ ಏಳುವುದು ಇದರ ಸ್ವಭಾವ.

ನೀವೊಬ್ಬರೇ ಹೋಗಿ ಬಂದು ‘ಅಂಟುವುದಿಲ್ಲವಂತೆ’ ಅಂತ ಹೇಳಿದರೆ ಅವರಿಗೆ ಸಮಾಧಾನ ಆಗಲಿಕ್ಕಿಲ್ಲ. ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ್ ಬಾಯಿಂದಲೇ ಕೇಳಲಿ. ನಾನು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಇದನ್ನು ಹೇಳುತ್ತೇನೆ. ಆ ಐದು ನಿಮಿಷ ಯಾವ ಮುಲಾಮಿಗೂ ಕಡಿಮೆ ಅಲ್ಲ.

ಚಿಕಿತ್ಸೆ ಇದೆ, ಚೆನ್ನಾಗಿ ಕೇಳುತ್ತದೆ. ಸಾಮಾನ್ಯವಾಗಿ ಕಡಿಮೆ ಅಥವಾ ಮಧ್ಯಮ ಬಲದ ಸ್ಟಿರಾಯ್ಡ್ ಮುಲಾಮನ್ನು ಎರಡರಿಂದ ನಾಲ್ಕು ವಾರ, ಡಾಕ್ಟರ್ ಕಣ್ಣಳತೆಯಲ್ಲಿ. ಸ್ಟಿರಾಯ್ಡ್ ಅಂದ ಕೂಡಲೇ ಹೆದರಬೇಡಿ. ಯಾವುದು, ಎಷ್ಟು ದಿನ ಅನ್ನುವುದರಲ್ಲೇ ಎಲ್ಲ ಇದೆ. ಆಮೇಲೆ ಟ್ಯಾಕ್ರೋಲಿಮಸ್ ಕಡೆಗೆ ಬದಲಿಸುತ್ತೇವೆ. ಅದು ಸ್ಟಿರಾಯ್ಡ್ ಅಲ್ಲ, ಚರ್ಮ ತೆಳು ಮಾಡುವುದಿಲ್ಲ, ಮತ್ತೆ ಬರದಂತೆ ವಾರಕ್ಕೆ ಎರಡು ದಿನ ಹಚ್ಚಿಕೊಂಡು ಹೋಗಬಹುದು. ಮೊದಲ ಕೆಲವು ದಿನ ಉರಿಯುತ್ತದೆ, ಇದನ್ನು ಮೊದಲೇ ಹೇಳುತ್ತಿದ್ದೇನೆ. ಹೇಳದಿದ್ದರೆ ಜನ ಎರಡನೇ ದಿನಕ್ಕೇ ಬಿಸಾಡುತ್ತಾರೆ. ವಿಟಮಿನ್ ಡಿ ಜಾತಿಯ ಮುಲಾಮುಗಳೂ ಇವೆ. ಅವುಗಳಲ್ಲಿ ಕ್ಯಾಲ್ಸಿಪೋಟ್ರಿಯಾಲ್ ಈ ಜಾಗಕ್ಕೆ ಸ್ವಲ್ಪ ಖಾರ, ಕ್ಯಾಲ್ಸಿಟ್ರಿಯಾಲ್ ಸೌಮ್ಯ. ನಿಮ್ಮ ತಂದೆಯವರ ಹಳೆಯ ಟಾರ್ ಮುಲಾಮು ಮನೆಯಲ್ಲಿ ಇದ್ದರೆ ಅದನ್ನು ಮಾತ್ರ ಅಲ್ಲಿಗೆ ಹಚ್ಚಬೇಡಿ, ಸುಟ್ಟುಹೋಗುತ್ತದೆ. ಬೆಳಕಿನ ಚಿಕಿತ್ಸೆ ತೆಗೆದುಕೊಳ್ಳುವಾಗ ಗಂಡಸರ ಜನನಾಂಗವನ್ನು ಮುಚ್ಚಿಯೇ ಕೊಡುತ್ತಾರೆ, ಅಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚುವುದರಿಂದ.

ಮುಲಾಮು ಎಷ್ಟು? ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಎರಡು ಅಂಗೈ ಅಗಲಕ್ಕೆ ಸಾಕು. ನಿಮಗೆ ಅದಕ್ಕಿಂತ ಕಡಿಮೆಯೇ ಬೇಕು.

ಸ್ನಾನಕ್ಕೆ ಆಂಟಿಸೆಪ್ಟಿಕ್ ದ್ರಾವಣ ಹಾಕುವ ಅಭ್ಯಾಸ ನಮ್ಮ ಕಡೆ ಬಹಳ. ಬಿಡಿ. ನಿಂಬೆರಸ, ಬೇವಿನ ಅರೆಪು ಅಲ್ಲಿಗೆ ಬೇಡ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಸಾದಾ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ. ಸಡಿಲ ಕಾಟನ್ ಒಳ ಉಡುಪು. ಚರ್ಮ ಸೀಳಿರುವಾಗ ಸೇರುವುದು ಬೇಡ. ವಾಸಿಯಾದ ಮೇಲೆ ಅಡ್ಡಿ ಇಲ್ಲ. ಜಾರಿಕೆಗೆ ಜೆಲ್ ಬಳಸಿ, ಆಮೇಲೆ ತೊಳೆದು ಮುಲಾಮು ಹಚ್ಚಿ. ಒಂದು ಎಚ್ಚರ. ಜಿಡ್ಡಿನ ಮುಲಾಮು, ಪೆಟ್ರೋಲಿಯಂ ಜೆಲ್ಲಿ ರಬ್ಬರಿನ ಕಾಂಡೋಮನ್ನು ದುರ್ಬಲ ಮಾಡುತ್ತವೆ, ಹರಿಯಬಹುದು.

ದೊಡ್ಡ ಆಸ್ಪತ್ರೆಯ ಓಪಿಡಿಯಲ್ಲಿ ಗುರುತು ಸಿಗುವ ಭಯ ಕಡಿಮೆ. ಚೀಟಿ ಮಾಡಿಸುವಾಗ ‘ಚರ್ಮ’ ಅಂದರೆ ಸಾಕು, ಕೌಂಟರಿನಲ್ಲಿ ವಿವರ ಹೇಳುವ ಅಗತ್ಯ ಇಲ್ಲ. ಒಳಗೆ ಹೋದ ಮೇಲೆ ಮಾತ್ರ ‘ತೊಡೆಸಂದಿಯಲ್ಲೂ ಕೆಳಗೂ ಇದೆ, ಪೂರ್ತಿ ನೋಡಬೇಕು’ ಅಂತ ನೀವೇ ಹೇಳಿ. ಗಂಡಸು ಡಾಕ್ಟರೇ ಬೇಕು ಅಂತ ಕೇಳುವುದೂ ತಪ್ಪಲ್ಲ. ಆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಚಳ್ಳಕೆರೆಯ ಅಮ್ಮ

ಮೇಡಂ, ಇದನ್ನು ಓದಿ ನನಗೆ ಎದೆ ಧಸಕ್ ಅಂತು. ನನ್ನ ಮಗನಿಗೆ ಒಂಬತ್ತು ತಿಂಗಳು. ಡೈಪರ್ ಹಾಕುವ ಜಾಗ ಪೂರ್ತಿ ಕೆಂಪು. ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿದರು, ಪೌಡರ್ ಹಾಕಿದರು. ಹೋಗಲಿಲ್ಲ. ಪಕ್ಕದ ಮನೆಯವರು ಒಂದು ಟ್ಯೂಬ್ ಕೊಟ್ಟರು, ಬೇಗ ಕಡಿಮೆ ಆಯಿತು. ಈಗ ಬಿಟ್ಟರೆ ಬರುತ್ತದೆ. ಹಿಂದೆ ತಿರುಗಿಸಿ ನೋಡಿದರೆ ನೀವು ಹೇಳಿದ ಕ್ಲೋಬೆಟಾಸಾಲ್ ಅಂತಲೇ ಇದೆ. ಮಗುವಿಗೂ ಸೋರಿಯಾಸಿಸ್ ಬರುತ್ತದಾ?

ದುರ್ಗದ ಚರ್ಮ ವೈದ್ಯೆ

ತಾಯಿ, ಆ ಟ್ಯೂಬನ್ನು ಮಗುವಿಗೆ ಹಚ್ಚಬಾರದು. ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಅಂತ ಲೆಕ್ಕ ಹಾಕಿಕೊಂಡು ಮಗುವನ್ನು ಇವತ್ತು ನಾಳೆಯೊಳಗೆ ಮಕ್ಕಳ ಡಾಕ್ಟರಿಗೆ ತೋರಿಸಿ. ಡೈಪರ್ ಒಳಗೆ ಗಾಳಿ ಆಡುವುದಿಲ್ಲ, ಹಚ್ಚಿದ್ದೆಲ್ಲ ಒಳಗೆ ಇಳಿಯುತ್ತದೆ. ಅತಿ ಬಲದ ಸ್ಟಿರಾಯ್ಡ್ ಹೀಗೆ ಇಳಿದು ಕೂಸುಗಳ ಮುಖ ಊದಿ, ಬೆಳವಣಿಗೆ ಕುಂಠಿತ ಆಗಿರುವ ಪ್ರಕರಣಗಳಿವೆ. ಬಹಳ ದಿನದಿಂದ ಹಚ್ಚುತ್ತಿದ್ದರೆ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರಬಹುದು. ಅಂಥ ಮಗುವಿಗೆ ಜ್ವರ, ವಾಂತಿ, ತೀರಾ ಮಂಕು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಓಡಿ, ಟ್ಯೂಬ್ ಜೊತೆಗಿರಲಿ. ಹೆದರಿಸಲು ಹೇಳುತ್ತಿಲ್ಲ. ಬೇಗ ತೋರಿಸಿದರೆ ಸರಿ ಮಾಡಬಹುದು.

ಹೌದು, ಎರಡು ವರ್ಷದೊಳಗಿನ ಮಕ್ಕಳಿಗೆ ಡೈಪರ್ ಜಾಗದಲ್ಲಿ ಸೋರಿಯಾಸಿಸ್ ಬರುತ್ತದೆ. ಮನೆಯಲ್ಲೇ ಒಂದು ಸುಳಿವು ನೋಡಬಹುದು. ಮೂತ್ರ, ಮಲದಿಂದ ಬರುವ ಸಾದಾ ಕೆಂಪು ಉಬ್ಬಿದ ಭಾಗದಲ್ಲಿ ಇರುತ್ತದೆ, ಮಡಿಕೆಯ ಒಳಗೆ ಇರುವುದಿಲ್ಲ. ಸೋರಿಯಾಸಿಸ್ ಮಡಿಕೆಯೊಳಗೂ ಹೋಗುತ್ತದೆ, ಅಂಚು ಚೆನ್ನಾಗಿ ಗೊತ್ತಾಗುತ್ತದೆ. ಕ್ಯಾಂಡಿಡಾ ಫಂಗಸ್ ಕೂಡ ಮಡಿಕೆಗೆ ಹೋಗುತ್ತದೆ, ಆದರೆ ಅದರ ಸುತ್ತ ಸಣ್ಣ ಸಣ್ಣ ಚುಕ್ಕೆ ಗುಳ್ಳೆ ಚದುರಿರುತ್ತವೆ. ಗುದದ್ವಾರದ ಸುತ್ತ ಮಾತ್ರ ಗಾಢ ಕೆಂಪು, ಮಲ ಮಾಡುವಾಗ ಅಳು ಇದ್ದರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೆ ಆಂಟಿಬಯಾಟಿಕ್ ಬೇಕು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಇದೇ ಬ್ಯಾಕ್ಟೀರಿಯಾ ಗಂಟಲು ನೋವು ತಂದು, ಎರಡು ಮೂರು ವಾರಕ್ಕೆ ಮೈತುಂಬ ಹನಿಹನಿ ಸೋರಿಯಾಸಿಸ್ ಎಬ್ಬಿಸುವುದೂ ಉಂಟು.

ಹಗಲು ಡೈಪರ್ ಬಿಡಿ. ಹಳೆ ಪಂಚೆ, ಹಳೆ ಸೀರೆಯ ಬಟ್ಟೆ ನಮ್ಮ ಹಿರಿಯರು ಕಟ್ಟುತ್ತಿದ್ದರಲ್ಲ, ಅದೇ ಒಳ್ಳೆಯದು. ಒದ್ದೆ ಆದ ಕೂಡಲೇ ಬದಲಿಸಬೇಕು, ಅಷ್ಟೇ. ಪೌಡರ್ ಬೇಡ. ಜಿಂಕ್ ಆಕ್ಸೈಡ್ ಮುಲಾಮು ದಪ್ಪಗೆ ಹಚ್ಚಿ. ಬೇಕಾದರೆ ಡಾಕ್ಟರು 1 ಪರ್ಸೆಂಟ್ ಹೈಡ್ರೋಕಾರ್ಟಿಸೋನ್ ಕೆಲವು ದಿನಕ್ಕೆ ಬರೆಯುತ್ತಾರೆ. ಇಷ್ಟಕ್ಕೇ ಹೆಚ್ಚಿನ ಮಕ್ಕಳಿಗೆ ವಾಸಿಯಾಗುತ್ತದೆ.

ಐದಾರು ವರ್ಷದ ಹೆಣ್ಣುಮಕ್ಕಳ ತಾಯಂದಿರು ಓದುತ್ತಿದ್ದರೆ ಅವರಿಗೂ ಒಂದು ಮಾತು. ಆ ವಯಸ್ಸಿನಲ್ಲಿ, ಡೈಪರ್ ಬಿಟ್ಟ ಮೇಲೆ, ಯೋನಿಯ ಭಾಗದಲ್ಲಿ ಕ್ಯಾಂಡಿಡಾ ಬರುವುದು ಅಪರೂಪ. ತಿಂಗಳಾನುಗಟ್ಟಲೆ ತುರಿಕೆ ಇದ್ದರೆ ಫಂಗಸ್ ಮುಲಾಮು ಹಚ್ಚುತ್ತಾ ಕೂರಬೇಡಿ, ತೋರಿಸಿ. ಮಗು ನಾಚಿಕೊಳ್ಳುತ್ತದೆ, ಬೈಯಬೇಡಿ. ಶಾಲೆಯಲ್ಲಿ ಕೆರೆದುಕೊಂಡಳು ಅಂತ ಏಟು ತಿಂದ ಮಕ್ಕಳನ್ನು ನಾನು ನೋಡಿದ್ದೇನೆ.

ಹೆಸರು ಬೇಡ, ದಾವಣಗೆರೆ

ನನಗೆ 53. ಮುಟ್ಟು ನಿಂತಿದೆ. ಅಲ್ಲಿ ರಾತ್ರಿ ನಿದ್ದೆ ಬಾರದಷ್ಟು ತುರಿಕೆ. ಚರ್ಮ ಬೆಳ್ಳಗಾಗಿದೆ. ಇದೂ ಅದೇನಾ ಮೇಡಂ? ಮಗಳ ಫೋನಿಂದ ಬರೆಯುತ್ತಿದ್ದೇನೆ.

ದುರ್ಗದ ಚರ್ಮ ವೈದ್ಯೆ

ಅಕ್ಕಾ, ಬರೆದದ್ದು ಒಳ್ಳೆಯದಾಯಿತು. ಹೆಂಗಸರಲ್ಲಿ ಸೋರಿಯಾಸಿಸ್ ಯೋನಿಯ ಹೊರಗಿನ ತುಟಿಗಳ ಮೇಲೆ, ಎರಡೂ ಕಡೆ ಒಂದೇ ರೀತಿ, ಕೆಂಪಗೆ ಇರುತ್ತದೆ. ಒಳಗೆ ಹೋಗುವುದಿಲ್ಲ, ಗಾಯದ ಗುರುತು ಉಳಿಸುವುದಿಲ್ಲ. ನೀವು ಹೇಳುವ ಬಿಳುಪು, ಆ ಪರಿ ತುರಿಕೆ, ಮುಟ್ಟು ನಿಂತ ಮೇಲೆ ಶುರುವಾದದ್ದು, ಇದು ಲೈಕೆನ್ ಸ್ಕ್ಲೀರೋಸಸ್ ಅನ್ನುವ ಬೇರೆಯೇ ರೋಗ ಇರಬಹುದು. ಅದರಲ್ಲಿ ಚರ್ಮ ತೆಳ್ಳಗೆ ಸುಕ್ಕುಗಟ್ಟಿ, ನಿಧಾನಕ್ಕೆ ತುಟಿಗಳು ಅಂಟಿಕೊಳ್ಳುತ್ತವೆ. ನೋಡಿ, ಮೇಲೆ ನಾನು ಬೇಡ ಬೇಡ ಅಂದ ಅದೇ ಬಲವಾದ ಸ್ಟಿರಾಯ್ಡನ್ನು ಆ ರೋಗಕ್ಕೆ ನಾವೇ ಬರೆಯುತ್ತೇವೆ, ಲೆಕ್ಕ ಇಟ್ಟು. ಅದಕ್ಕೇ ರೋಗ ಯಾವುದು ಅಂತ ತಿಳಿಯದೆ ಟ್ಯೂಬ್ ಹಿಡಿಯಬಾರದು. ಬಿಟ್ಟರೆ ಮುಂದೆ ಕೆಲವರಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ಇರುವುದರಿಂದ ತಡ ಮಾಡಬೇಡಿ. ಸಣ್ಣ ಚೂರು ತೆಗೆದು ಬಯಾಪ್ಸಿ ಮಾಡಬೇಕಾಗಬಹುದು. ಮಗಳ ಜೊತೆಗೇ ಹೋಗಿ, ಲೇಡಿ ಡಾಕ್ಟರನ್ನೇ ಕೇಳಿ.

ಅಡಿಕೆ ತೋಟ, ಚನ್ನಗಿರಿ

ಡಾಕ್ಟರೇ, ನಮ್ಮ ತಂದೆಗೆ 74. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಪ್ರಾಸ್ಟೇಟ್ ತೊಂದರೆಯಿಂದ ಡೈಪರ್ ಹಾಕುತ್ತೇವೆ. ತೊಡೆಸಂದಿ, ಕುಂಡೆ ಸಂದಿ ಕೆಂಪಾಗಿ ರಸ ಒಸರುತ್ತದೆ. ಮೊದಲಿಂದ ತಲೆಯಲ್ಲಿ ಸೋರಿಯಾಸಿಸ್ ಇದೆ. ಒಬ್ಬರು ಮಾತ್ರೆ ಕೊಟ್ಟಿದ್ದರು, ವಾರಕ್ಕೊಮ್ಮೆ ಅಂದರೋ ದಿನಾ ಅಂದರೋ ಸರಿಯಾಗಿ ಗೊತ್ತಿಲ್ಲ.

ದುರ್ಗದ ಚರ್ಮ ವೈದ್ಯೆ

ಅಣ್ಣಾ, ಮೊದಲು ಆ ಮಾತ್ರೆಯ ಹೆಸರು ನೋಡಿ. ಮೆಥೊಟ್ರೆಕ್ಸೇಟ್ ಆಗಿದ್ದರೆ ಅದು ಸೋರಿಯಾಸಿಸ್‌ಗೆ ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ರಕ್ತ ಕಣಗಳು ಬಿದ್ದುಹೋಗಿ ಪ್ರಾಣಕ್ಕೇ ಕುತ್ತು. ವಯಸ್ಸಾದವರಲ್ಲಿ ಹೀಗೆ ಆಗಿರುವುದುಂಟು. ಬರೆದುಕೊಟ್ಟವರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಅಲ್ಲಿಯವರೆಗೆ ಕೊಡಬೇಡಿ. ಈಗಾಗಲೇ ದಿನಾ ಕೊಟ್ಟಿದ್ದರೆ, ಬಾಯಲ್ಲಿ ಹುಣ್ಣು, ಜ್ವರ ಇರಲಿ ಬಿಡಲಿ, ನೇರ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಕ್ಯಾಲೆಂಡರಿನಲ್ಲಿ ವಾರದ ಒಂದೇ ದಿನವನ್ನು ಗುರುತು ಹಾಕಿ, ಸೋಮವಾರ ಅಂದರೆ ಸೋಮವಾರವೇ. ಅದನ್ನು ಕೊಡುವಾಗ ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಆಗಾಗ ಆಗಬೇಕು.

ರಸ ಒಸರುತ್ತಿದೆ, ಸಕ್ಕರೆಯೂ ಇದೆ ಅಂದರೆ ಸೋರಿಯಾಸಿಸ್ ಜೊತೆ ಕ್ಯಾಂಡಿಡಾ ಸೇರಿರುವ ಅನುಮಾನ. ಎರಡಕ್ಕೂ ಔಷಧಿ ಬೇಕಾದೀತು. ಬಿಪಿಗೆ ಯಾವ ಮಾತ್ರೆ ಅಂತಲೂ ತೋರಿಸಿ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಹೃದಯಕ್ಕೆ ಅಪಾಯ, ಡಾಕ್ಟರೇ ಬದಲಿಸಬೇಕು. ಇನ್ನೊಂದು, ಈ ವಯಸ್ಸಿನಲ್ಲಿ ಒಂದೇ ಕಡೆ ಒಂದೇ ಕಲೆ ಎಷ್ಟು ಔಷಧಿಗೂ ಮಾಯದಿದ್ದರೆ ಬಯಾಪ್ಸಿ ಬೇಕೇ ಬೇಕು. ಪ್ಯಾಜೆಟ್ ರೋಗ, ಬೋವೆನ್ ರೋಗ ಅಂತ ಚರ್ಮದ ಕ್ಯಾನ್ಸರಿನ ಶುರುವಿನ ರೂಪಗಳು ಹೀಗೇ ಕಾಣುತ್ತವೆ.

ನಿಟ್ಟುವಳ್ಳಿಯವನು, ದಾವಣಗೆರೆ

ಮೇಡಂ, ಹೋಗಿ ಬಂದೆ. ಇಬ್ಬರೂ ಹೋಗಿದ್ದೆವು. ದೊಡ್ಡಾಸ್ಪತ್ರೆಯ ಓಪಿಡಿಯಲ್ಲಿ ಚೀಟಿ ಮಾಡಿಸಿದೆ. ಚರ್ಮ ಅಂದೆ, ಯಾರೂ ತಿರುಗಿಯೂ ನೋಡಲಿಲ್ಲ. ಡಾಕ್ಟರು ತಲೆ, ಕಿವಿ, ಉಗುರು ಎಲ್ಲ ನೋಡಿದರು. ಎಡಗೈ ಉಗುರಿನಲ್ಲಿ ಗುಳಿ ಇದ್ದದ್ದು ನನಗೇ ಗೊತ್ತಿರಲಿಲ್ಲ. ಕೆರೆದು ನೋಡಿದ್ದರಲ್ಲಿ ಫಂಗಸ್ ಇಲ್ಲ. ಆದರೆ ಟ್ಯೂಬ್ ಹಚ್ಚಿದ್ದರಿಂದ ಇನ್ನೊಂದು ಸಲ ನೋಡಬೇಕು ಅಂದರು. ಸೋರಿಯಾಸಿಸ್ ಅಂತಲೇ ಹೇಳಿದ್ದಾರೆ.

ನನ್ನ ಹೆಂಡತಿ ಅಲ್ಲಿ ಕೇಳಿದ ಮೊದಲ ಪ್ರಶ್ನೆ ನಾನು ಅಂದುಕೊಂಡದ್ದಲ್ಲ. ‘ಮುಂದೆ ಮಗು ಆದರೆ ಅದಕ್ಕೂ ಬರುತ್ತದಾ’ ಅಂತ ಕೇಳಿದಳು. ಬರಬಹುದು, ಬರದೆಯೂ ಇರಬಹುದು, ತಂದೆಗೆ ಇದೆ ಅಂದರೆ ಸಾಧ್ಯತೆ ಸ್ವಲ್ಪ ಜಾಸ್ತಿ ಅಷ್ಟೇ, ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ ಅಂದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳೇ ಮಾತು ಶುರು ಮಾಡಿದಳು. ಅಷ್ಟು ಸಾಕು ನನಗೆ.

ಸೌಮ್ಯ ಸ್ಟಿರಾಯ್ಡ್ ಎರಡು ವಾರ, ಆಮೇಲೆ ಟ್ಯಾಕ್ರೋಲಿಮಸ್ 0.1 ಪರ್ಸೆಂಟ್. ಇದಕ್ಕೂ ಬಗ್ಗದಿದ್ದರೆ ಮಾತ್ರೆ, ಇಂಜೆಕ್ಷನ್ ನೋಡೋಣ ಅಂದಿದ್ದಾರೆ. ಇಂಜೆಕ್ಷನ್ ಅಂದರೆ ಯಾವುದು? ಮಗು ಬೇಕು ಅನ್ನುವವರು ತಗೊಳ್ಳಬಹುದಾ?

ದುರ್ಗದ ಚರ್ಮ ವೈದ್ಯೆ

ಬಹಳ ಸಂತೋಷ ಆಯಿತು. ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ.

ಹೆಚ್ಚಿನವರಿಗೆ ಮುಲಾಮೇ ಸಾಕಾಗುತ್ತದೆ. ಸಾಕಾಗದಿದ್ದರೆ ಎಪ್ರೆಮಿಲಾಸ್ಟ್ ಮಾತ್ರೆ ಇದೆ, ನಮ್ಮಲ್ಲೂ ಸಿಗುತ್ತದೆ. ಶುರುವಿನಲ್ಲಿ ವಾಕರಿಕೆ, ಭೇದಿ ಆಗಬಹುದು. ಮೆಥೊಟ್ರೆಕ್ಸೇಟ್ ಬಗ್ಗೆ ಮೇಲೆ ಬರೆದಿದ್ದೇನೆ. ಗರ್ಭಿಣಿಗೆ ಅದನ್ನು ಕೊಡುವಂತೆಯೇ ಇಲ್ಲ. ಗಂಡಸರೂ ಮಗುವಿನ ಯೋಚನೆ ಇದ್ದರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಬೇಕು, ಕೇಳುವವರೆಗೆ ಕಾಯಬೇಡಿ. ಇಂಜೆಕ್ಷನ್ ಅಂದರೆ ಬಯೋಲಾಜಿಕ್, ಮೇಲೆ ಹೇಳಿದ ರೋಗನಿರೋಧಕ ವ್ಯವಸ್ಥೆಯ ಏರುಪೇರನ್ನು ತಡೆಯುವ ಔಷಧಿ. ಅವುಗಳಲ್ಲಿ ಇಕ್ಸಿಕಿಜುಮ್ಯಾಬ್ ಅನ್ನುವುದನ್ನು ಜನನಾಂಗದ ಸೋರಿಯಾಸಿಸ್ ಇರುವವರ ಮೇಲೇ ಪ್ರತ್ಯೇಕವಾಗಿ ಪರೀಕ್ಷಿಸಿ ನೋಡಿದ್ದಾರೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಮಾಹಿತಿಯನ್ನು ಅದರ ಲೇಬಲ್‌ಗೆ ಸೇರಿಸಲು ಒಪ್ಪಿದರು. ಆದರೆ ಬೆಲೆ ಜಾಸ್ತಿ. ಕೊಡುವ ಮೊದಲು ಕ್ಷಯ ಇದೆಯಾ ಅಂತ ನೋಡಲೇಬೇಕು. ನಿಮಗೆ ಅಷ್ಟು ದೂರ ಹೋಗುವ ಅಗತ್ಯ ಬರಲಿಕ್ಕಿಲ್ಲ.

ಯಾರಾದರೂ ‘ಬೇಗ ವಾಸಿ’ ಅಂತ ಸ್ಟಿರಾಯ್ಡ್ ಮಾತ್ರೆ ಅಥವಾ ಹೆಸರಿಲ್ಲದ ಪುಡಿ ಕೊಟ್ಟರೆ ತಗೊಳ್ಳಬೇಡಿ. ಸ್ಟಿರಾಯ್ಡ್ ಮಾತ್ರೆ ನಿಲ್ಲಿಸಿದಾಗ ಕೆಲವರಿಗೆ ಮೈಯೆಲ್ಲ ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರಬೇಕಾಗುತ್ತದೆ.

ಟ್ಯಾಕ್ರೋಲಿಮಸ್ ಉರಿಯ ಬಗ್ಗೆ ಹೇಳಿದ್ದೆನಲ್ಲ. ಸ್ನಾನ ಆದ ಕೂಡಲೇ ಹಚ್ಚಬೇಡಿ, ಚರ್ಮ ಪೂರ್ತಿ ಒಣಗಲಿ, ಅರ್ಧ ಗಂಟೆ ಬಿಟ್ಟು ಹಚ್ಚಿ. ಉರಿ ಕಡಿಮೆ ಇರುತ್ತದೆ. ವಸೂಲಿಗೆ ಬೈಕ್ ಹತ್ತುವ ದಿನ ಬೆಳಿಗ್ಗೆ ಹಚ್ಚುವ ಬದಲು ರಾತ್ರಿಗೆ ಇಟ್ಟುಕೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಎರಡು ವಾರ ಆದ ಮೇಲೆ ಕಲೆ ಹೋಗಿದ್ದರೂ ಮರುಭೇಟಿ ತಪ್ಪಿಸಬೇಡಿ, ಆ ಎರಡನೇ ಫಂಗಸ್ ಪರೀಕ್ಷೆ ಬಾಕಿ ಇದೆ.